ರಾಮಲಕ್ಷ್ಮಮ್ಮನ ಕೈಯಲ್ಲಿರುವ ನಗದು

ತೆರಿಗೆ ರಿಟರ್ನಿನ ನಾಲ್ಕು ಹಾಳೆ, ಮೂಲೆಯಲ್ಲಿ ಒಂದು ಪಿನ್ನು. ಮುರಳಿಮೋಹನ ಮೂರನೆಯ ಸಲ ಮೊದಲಿನಿಂದ ಶುರು ಮಾಡಿದ. ಅವನ ಇಂಗ್ಲಿಷು ಟೊಮೇಟೊ ಮಂಡಿಯ ಇಂಗ್ಲಿಷು; ಲೋಡು, ಬಿಲ್ಲು, ರಿಟರ್ನು, ಡ್ಯಾಮೇಜು, ಅಷ್ಟರಲ್ಲಿ ಮುಗಿದುಹೋಗುವಂಥದ್ದು. ಆದರೂ ಸಾಲು ಸಾಲಿನ ಮೇಲೆ ಬೆರಳಿಟ್ಟು ತಡಕುತ್ತ ಹೋದ ಹಾಗೆ ಆ ಹಾಳೆಗಳೊಳಗಿಂದ ಒಬ್ಬ ಹೆಂಗಸು ಮೆಲ್ಲಗೆ ಎದ್ದು ಕೂರುತ್ತಿದ್ದಳು. ಹೆಸರು ರಾಮಲಕ್ಷ್ಮಮ್ಮ. ಕಸುಬು ಸ್ವಂತ ವ್ಯಾಪಾರ. ವ್ಯಾಪಾರದ ಹೆಸರು ಆರ್.ಎಲ್. ಕ್ರೇಟ್ಸ್. ಆ ವರ್ಷದ ಆದಾಯ ನಾಲ್ಕು ಲಕ್ಷದ ಎಂಬತ್ತಾರು ಸಾವಿರದ ಇನ್ನೂರು ರೂಪಾಯಿ. ಅವಳಿಗೊಂದು ಇಮೇಲ್ ವಿಳಾಸವಿತ್ತು. ಅವಳಿಗೆ ಬೇರೆಯವರಿಂದ ಬರಬೇಕಾದ ದುಡ್ಡಿತ್ತು. ಮಾರ್ಚ್ ಮೂವತ್ತೊಂದನೆಯ ತಾರೀಖಿನ ಹೊತ್ತಿಗೆ ಅವಳ ಕೈಯಲ್ಲಿ ಒಂದು ಲಕ್ಷದ ಅರವತ್ತೆರಡು ಸಾವಿರ ನಗದಿತ್ತು. ಕೈಯಲ್ಲಿ. ಆ ಪದದ ಮೇಲೆ ಬೆರಳು ನಿಂತುಬಿಟ್ಟಿತು. ಅವನಿಗೆ ಗೊತ್ತಿದ್ದ ರಾಮಲಕ್ಷ್ಮಮ್ಮನ ಕೈ ಬೇರೆ. ಅದು ಅವನ ಟೊಮೇಟೊ ಕ್ರೇಟು ತೊಳೆದು ತೊಳೆದು, ಬ್ಲೀಚಿಂಗ್ ಪೌಡರಿಗೆ ಬೆರಳ ಸಂದಿಗಳೆಲ್ಲ ಬಿಳಚಿಕೊಂಡು, ಉಗುರಿನ ಅಂಚು ತಿಂದುಹೋದ ಕೈ. ದಿನಕ್ಕೆ ಮುನ್ನೂರೈವತ್ತರಂತೆ ಶನಿವಾರ ಸಂಜೆ ಅವನೇ ಆ ಕೈಗೆ ನೋಟು ಇಡುತ್ತಿದ್ದ. ಅವಳು ಅವನ ದೊಡ್ಡಪ್ಪನ ಹೆಂಡತಿ, ಗಂಡ ಸತ್ತು ಒಂಬತ್ತು ವರ್ಷವಾದವಳು, ಅಂಬಾಜಿದುರ್ಗದ ಬುಡದ ಊರಿನಲ್ಲಿ ಅವನ ಮನೆಯ ಗೋಡೆಗೆ ಒತ್ತಿದ ಒಂದೂವರೆ ಕೋಣೆಯಲ್ಲಿ ತನ್ನದೇ ಒಲೆ ಹಚ್ಚಿಕೊಂಡು ಬದುಕುವವಳು. ಅಕ್ಷರ ಬಾರದು, ಅಂಕಿ ಬರುತ್ತದೆ.

ಎದುರಿಗೆ ಟ್ಯಾಕ್ಸ್ ಸಲಹೆಗಾರ ರಮೇಶ್‌ಬಾಬು ಫೋನಿನಲ್ಲಿ ಯಾರಿಗೋ ಇನ್ಶೂರೆನ್ಸ್ ಮಾರುತ್ತಿದ್ದ. ಚಿಂತಾಮಣಿಯ ಬಸ್ ನಿಲ್ದಾಣದ ಹತ್ತಿರ, ಬಿತ್ತನೆ ಬೀಜದ ಅಂಗಡಿಯ ಮೇಲಿನ ಕೋಣೆ. ಕೆಳಗಿನಿಂದ ಔಷಧಿ ಹಾಕಿದ ಬೀಜದ ಘಾಟು ಮೆಟ್ಟಿಲು ಹತ್ತಿ ಬರುತ್ತಿತ್ತು. ಬಂದವರು ಕೂರುವ ಕುರ್ಚಿಗಳು ರಮೇಶ್‌ಬಾಬುವಿನ ಕುರ್ಚಿಗಿಂತ ಒಂದು ಗೇಣು ಕೆಳಗಿದ್ದವು. ಇಷ್ಟು ವರ್ಷ ಇಲ್ಲಿಗೆ ಬಂದುಹೋಗಿದ್ದರೂ ಮುರಳಿ ಇದನ್ನು ಗಮನಿಸಿರಲಿಲ್ಲ. ಇವತ್ತು ಕಂಡಿತು. ಬೇಕೆಂದೇ ಹೀಗೆ ಇಟ್ಟಿದ್ದಾನೋ, ಹಳೆಯ ಸ್ಟಾಕಿನಲ್ಲಿ ಸಿಕ್ಕಿದ್ದು ಇವೇನೋ ಎಂದು ಯೋಚಿಸಿದ. ಸಿಟ್ಟು ಬರಬೇಕಿತ್ತು. ಅವನಿಗೆ ಸಿಟ್ಟು ಬರುವುದಕ್ಕೆ ಇದರ ಅರ್ಧದಷ್ಟು ಕಾರಣ ಸಾಕು. ಆದರೆ ಹಾಳೆ ಕೈಗೆ ಬಂದಾಗಿನಿಂದ ಸಿಟ್ಟು ಎಲ್ಲೋ ಹೊರಗೆ ನಿಂತುಕೊಂಡು, ಒಳಗೆ ಬರಲೋ ಬೇಡವೋ ಎಂದು ಇವನನ್ನೇ ಕೇಳುತ್ತಿತ್ತು.

ಸೋಮವಾರ ಹೀಗಿರಲಿಲ್ಲ. ಸೋಮವಾರ ಅದು ಕರೆಯದೆಯೇ ಬಂದಿತ್ತು. ಮೂರು ತಿಂಗಳಿಂದ ದೊಡ್ಡಮ್ಮನಿಗೆ ರೇಷನ್ ಇಲ್ಲ. ಊರಿನ ಅಂಗಡಿಯ ಆವಲಪ್ಪ ಬೆರಳು ಒತ್ತಿಸಿಕೊಂಡು, ಮಿಷನ್ನಿನ ಕಡೆ ನೋಡಿ, 'ಬರ್ತಾ ಇಲ್ಲಮ್ಮ, ಕಾರ್ಡು ಬಿದ್ದೋಗೈತೆ, ತಾಲೂಕ್ ಆಫೀಸ್‌ಗೆ ಹೋಗು' ಎಂದು ಕಳಿಸುತ್ತಿದ್ದ. ಮನೆ ಯಜಮಾನಿಗೆಂದು ಸರ್ಕಾರದಿಂದ ಬರುವ ಎರಡು ಸಾವಿರವೂ ನಿಂತಿತ್ತು. ಎರಡು ಸಲ ಒಬ್ಬಳೇ ಬಸ್ಸು ಹತ್ತಿ ಹೋಗಿಬಂದಳು. ಮೂರನೆಯ ಸಲ ಮುರಳಿಯೂ ಜೊತೆಗೆ ಹೋದ. ಆಹಾರ ಶಾಖೆಯ ಕಿಟಕಿಯ ಮುಂದೆ ಮೂವತ್ತು ಜನರ ಸಾಲು. ಕಿಟಕಿಯ ಆಚೆ ಖುರ್ಷಿದ್ ಮೇಡಂ, ನಲವತ್ತು ದಾಟಿದವರು, ಬೂದು ದುಪಟ್ಟಾ, ಕನ್ನಡಕಕ್ಕೆ ದಾರ. ಒಂದು ವಾರ ಬಿಟ್ಟು ಬನ್ನಿ, ಪರಿಶೀಲನೆ ಆಗ್ಬೇಕು ಅಂದರು ಅಷ್ಟೆ. ಆಮೇಲೆ ಮುರಳಿಗೆ ತಾನು ಆಡಿದ್ದೆಲ್ಲ ಬೇರೆ ಯಾರೋ ಆಡಿದ ಹಾಗೆ ಕೇಳಿಸಿತ್ತು. ನಿಮ್ಮಪ್ಪನ ಮನೆ ಅಕ್ಕೀನಾ ಮೇಡಂ? ವಿಧವೆ ಹೆಂಗ್ಸು ಹತ್ತು ಕೆಜಿ ತಿಂದ್ರೆ ಸರ್ಕಾರ ಮುಳುಗೋಗುತ್ತಾ? ಎ.ಸಿ. ಕಾರಲ್ಲಿ ಬರೋರ್ಗೆಲ್ಲ ಕಾರ್ಡಿದೆ, ಬನ್ನಿ ತೋರಿಸ್ತೀನಿ, ಒಂದೊಂದು ಮನೆ ತೋರಿಸ್ತೀನಿ! ಸಾಲಿನಲ್ಲಿದ್ದವರು ಹೌದೌದು ಅಂದರು. ಯಾರೋ ಚಪ್ಪಾಳೆ ತಟ್ಟಿದರು. ಅವನ ಟೆಂಪೊ ಓಡಿಸುವ ಯಾಸೀನ್ ಪಕ್ಕದಲ್ಲಿ ನಿಂತು ಫೋನು ಎತ್ತಿ ಹಿಡಿದಿದ್ದ. ದೊಡ್ಡಮ್ಮ ಬೆಂಚಿನ ಮೇಲೆ ಕೈಚೀಲ ಮಡಿಲಲ್ಲಿಟ್ಟುಕೊಂಡು ಕೂತು, ಬಾಯಿ ಅರೆ ತೆರೆದು, ಇವನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಇದ್ದದ್ದು ಹೆಮ್ಮೆಯೇ.

ಖುರ್ಷಿದ್ ಮೇಡಂ ಅವನನ್ನು ಬೈಯಲಿಲ್ಲ, ಪೊಲೀಸರನ್ನೂ ಕರೆಯಲಿಲ್ಲ. ಕಂಪ್ಯೂಟರಿನಲ್ಲಿ ಏನೋ ನೋಡಿದರು. ಆಮೇಲೆ ಬೆಂಚಿನ ಕಡೆ ಒಂದು ಸಲ ನೋಡಿದರು. ಒಂದು ಚೀಟಿಯಲ್ಲಿ ಏನೋ ಬರೆದು, ಎರಡು ಮಡಿಕೆ ಮಡಚಿ, ಕಿಟಕಿಯಿಂದ ದಾಟಿಸಿ, 'ಮನೆಗೋಗಿ ನೋಡ್ಕೊಳ್ಳಿ' ಅಂದರು. ಅವನು ಅದನ್ನು ಜೇಬಿಗೆ ತುರುಕಿ, ಗೆದ್ದವನ ಹಾಗೆ ಹೊರಗೆ ಬಂದ. ಮಂಗಳವಾರ ಪ್ಯಾಂಟು ಒಗೆಯುವಾಗ ಹೆಂಡತಿ ಯಾಮಿನಿ ತೆಗೆದುಕೊಟ್ಟಳು. ಆದಾಯ ತೆರಿಗೆ ರಿಟರ್ನ್ ಸಲ್ಲಿಕೆಯಾಗಿದೆ, 2024-25. ಕಾರ್ಡು ಅದಕ್ಕೇ ರದ್ದು. ದುಂಡಗಿನ ಅಕ್ಷರ, ಶಾಲೆಯ ಬೋರ್ಡಿನ ಮೇಲಿನ ಹಾಗೆ. ಅವತ್ತಿನಿಂದ ಅವನ ತಲೆಯನ್ನು ಕೊರೆಯುತ್ತಿದ್ದದ್ದು ತೆರಿಗೆಯಲ್ಲ. ಆ ಹೆಂಗಸು ಯಾಕೆ ಬಾಯಿಬಿಟ್ಟು ಹೇಳಲಿಲ್ಲ? ಮೂವತ್ತು ಜನರ ಮುಂದೆ, ಫೋನಿನ ಮುಂದೆ, ಒಂದೇ ಒಂದು ಸಾಲು ಗಟ್ಟಿಯಾಗಿ ಓದಿದ್ದರೆ ಇವನ ಬಾಯಿ ಅಲ್ಲೇ ಕಟ್ಟಿಹೋಗುತ್ತಿತ್ತು. ತಾನಾಗಿದ್ದರೆ ಹೇಳುತ್ತಿದ್ದೆ. ಎರಡೆರಡು ಸಲ ಹೇಳುತ್ತಿದ್ದೆ.

ರಮೇಶ್‌ಬಾಬು ಫೋನು ಇಟ್ಟ. 'ಏನಪ್ಪಾ, ಅಷ್ಟು ಓದ್ತೀಯ? ಪರೀಕ್ಷೆಗೆ ಕೂರ್ತೀಯಾ?'

'ಇದು ಯಾರು?' ಮುರಳಿ ಹಾಳೆ ಎತ್ತಿ ತೋರಿಸಿದ.

'ಯಾರು ಅಂದ್ರೆ? ನಿಮ್ಮ ದೊಡ್ಡಮ್ಮ ಕಣೋ.'

'ನಮ್ಮ ದೊಡ್ಡಮ್ಮನಿಗೆ ಯಾವಾಗ ಬಂತು ನಾಲ್ಕು ಮುಕ್ಕಾಲು ಲಕ್ಷ?'

'ಆ ವರ್ಷ ಟೊಮೇಟೊ ಬಂಗಾರ ಆಗಿತ್ತಲ್ಲಪ್ಪ. ನಿನ್ನ ಬಾಡಿಗೆ ಕ್ರೇಟ್‌ಗೆ ಜನ ಕಾದು ನಿಂತಿದ್ರು. ನಿಂದು ಹನ್ನೊಂದು ಲಕ್ಷ ಆಯ್ತು. ಆವಾಗ ಏಳು ಲಕ್ಷದವರೆಗೆ ಟ್ಯಾಕ್ಸ್ ಇಲ್ಲ. ಹನ್ನೊಂದಕ್ಕೆ ಎಪ್ಪತ್ತೆಂಟು ಸಾವಿರ ಕಟ್ಬೇಕಿತ್ತು. ಇಬ್ಬರ ಮೇಲೆ ಹಾಕ್ದೆ, ಸೊನ್ನೆ ಆಯ್ತು. ನೀನೇ ತಾನೇ ಹೇಳಿದ್ದು, ಒಂದು ರೂಪಾಯಿ ಕಟ್ಟಲ್ಲ, ರಸ್ತೆ ನೋಡಿ, ನಾನ್ಯಾಕೆ ಕಟ್ಬೇಕು ಅಂತ? ಇದೇ ಕುರ್ಚಿ. ಮೇಜು ಗುದ್ದಿದ್ದೆ.'

ಗುದ್ದಿದ್ದ. ಆ ಗುದ್ದಿಗೆ ಪೆನ್ನಿನ ಡಬ್ಬಿ ಉರುಳಿತ್ತು. ಅದೂ ನೆನಪಿದೆ. ಎರಡು ರಿಟರ್ನಿಗೆ ಮೂರು ಸಾವಿರ ಫೀಸು ಕೇಳಿದಾಗ, ಎರಡು ಯಾಕೆ ಸಾರ್, ಅಂದಿದ್ದ. ಒಂದು ನಿಂದು, ಒಂದು ಸಪೋರ್ಟಿಂಗು, ಅಂದಿದ್ದ ರಮೇಶ್‌ಬಾಬು. ಸಪೋರ್ಟಿಂಗ್ ಎಂಬ ಪದ ಕೇಳಿ ಏನೋ ಕಟ್ಟಡಕ್ಕೆ ಕೊಟ್ಟ ಕಂಬದ ಹಾಗೆ ಅನ್ನಿಸಿ ಮುರಳಿ ಸುಮ್ಮನಾಗಿದ್ದ. ಪ್ರತಿಯೊಂದಕ್ಕೂ ಯಾಕೆ, ಯಾರು, ಎಷ್ಟು ಎಂದು ಜಗಳಕ್ಕೆ ಬೀಳುವ ಮನುಷ್ಯ. ಒಂಬತ್ತನೆಯ ಕ್ಲಾಸಿನಲ್ಲಿ ಮೇಷ್ಟ್ರ ಜೊತೆಗೂ ಹಾಗೇ ಬಿದ್ದು, ಚೀಲ ಬಗಲಿಗೆ ಹಾಕಿಕೊಂಡು ಹೊರಗೆ ಬಂದು, ಮತ್ತೆ ಒಳಗೆ ಹೋಗದವನು. ತನಗೆ ಲಾಭವಿದ್ದ ಕಡೆ ಮಾತ್ರ ಯಾಕೆ ಅನ್ನುವ ಪ್ರಶ್ನೆ ಅಷ್ಟು ಬೇಗ ಬಾಯಿ ಮುಚ್ಚಿಕೊಂಡಿದ್ದು ಹೇಗೆ?

ಆರ್.ಎಲ್. ಎಂಬುದು ದೊಡ್ಡಮ್ಮನ ಮೇಲಿನ ಪ್ರೀತಿಗೆ ಇಟ್ಟ ಹೆಸರೂ ಆಗಿರಲಿಲ್ಲ. ಮೊದಲ ಇನ್ನೂರು ಕ್ರೇಟು ತಂದಾಗ ಎಂ.ಎಂ. ಎಂದು ಹೊಡೆಯೋಣ ಅಂದರೆ ಆ ಗುರುತು ಆಗಲೇ ಬೇರೆ ಮಂಡಿಯವನದಾಗಿತ್ತು. ಮನೆಯವರ ಹೆಸರುಗಳನ್ನೆಲ್ಲ ಒಂದೊಂದಾಗಿ ಬಿಟ್ಟುನೋಡಿ, ಯಾರೂ ಹಿಡಿಯದೆ ಉಳಿದಿದ್ದ ಎರಡಕ್ಷರ ಇವು. ಕಬ್ಬಿಣದ ಅಕ್ಷರಗಳನ್ನು ಕೆಂಪಗೆ ಕಾಯಿಸಿ ನೀಲಿ ಪ್ಲಾಸ್ಟಿಕ್ಕಿನ ಮೇಲೆ ಒತ್ತುವ ಕೆಲಸ ದೊಡ್ಡಮ್ಮನೇ ಮಾಡಿದ್ದಳು, ಸೆರಗನ್ನು ಮೂಗಿಗೆ ಕಟ್ಟಿಕೊಂಡು. ಅದು ತನ್ನ ಹೆಸರು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಬಿಲ್ಲಿನ ಪುಸ್ತಕದ ಮೇಲೆ ಆ ಅಕ್ಷರ ನೋಡಿಯೇ ರಮೇಶ್‌ಬಾಬುವಿಗೆ ದಾರಿ ಹೊಳೆದದ್ದು.

'ಇದನ್ನ ತೆಗೆದುಹಾಕಿ ಸಾರ್. ನಂದು ಅಂತ ನಂಗೇ ಸೇರಿಸಿ. ಎಷ್ಟಾಗುತ್ತೋ ಕಟ್ತೀನಿ.'

ರಮೇಶ್‌ಬಾಬು ಕ್ಯಾಲ್ಕುಲೇಟರ್ ಎಳೆದುಕೊಂಡ. ತೆರಿಗೆ ಎಪ್ಪತ್ತೆಂಟು, ಅದರ ಮೇಲೆ ಬಡ್ಡಿ, ತಡವಾಗಿ ತಿದ್ದಿಕೊಂಡಿದ್ದಕ್ಕೆ ಎರಡರ ಮೇಲೂ ಕಾಲು ಭಾಗ. 'ಒಂದು ಲಕ್ಷದ ಇಪ್ಪತ್ತು ಸಾವಿರದ ಹತ್ತಿರ ಬರುತ್ತೆ. ನಿಂದಕ್ಕೆ ಸೇರಿಸೋಕೆ ದಾರಿ ಇದೆ. ಜಾಸ್ತಿ ತೋರಿಸ್ತೀನಿ ಅಂದ್ರೆ ಯಾರೂ ಬೇಡ ಅನ್ನಲ್ಲ. ಆದ್ರೆ ಅವರದ್ದು ತೆಗೆಯಕ್ಕಾಗಲ್ಲ. ಈಗ ಕಡಿಮೆ ಮಾಡಿ ಹಾಕೋಕೆ ದಾರಿ ಇಲ್ಲ. ಅದು ಅಲ್ಲೇ ಇರುತ್ತೆ.'

'ಅಲ್ಲೇ ಅಂದ್ರೆ?'

'ಅಲ್ಲೇ ಅಂದ್ರೆ ಅಲ್ಲೇ ಕಣಪ್ಪ. ಕಂಪ್ಯೂಟರ್ ಒಳಗೆ. ಆ ವರ್ಷ ಆಕೆ ವ್ಯಾಪಾರ ಮಾಡಿದ್ದಾರೆ, ಅಷ್ಟೆ.'

ಮುರಳಿಗೆ ಇದು ವಿಚಿತ್ರವಾಗಿ ಕಂಡಿತು. ಹಾಳೆಯೊಳಗಿನ ಹೆಂಗಸನ್ನು ಹುಟ್ಟಿಸುವುದಕ್ಕೆ ಓಟಿಪಿಯ ಆರು ಅಂಕಿ ಸಾಕಾಗಿತ್ತು. ಅವತ್ತು ಇದೇ ಕೋಣೆಯಿಂದ ಫೋನು ಮಾಡಿ, ದೊಡ್ಡಮ್ಮ, ನಿನ್ನ ಫೋನಿಗೊಂದು ನಂಬರ್ ಬರುತ್ತೆ, ಹಂಗೇ ಹೇಳು ಅಂದಿದ್ದ. ಮಂಡಿಯಲ್ಲಿ ಟೊಮೇಟೊ ಆರಿಸುತ್ತಿದ್ದವಳು, ಸುತ್ತಲಿನ ಕೂಗಾಟದಲ್ಲಿ ಒಂದು ಕಿವಿ ಮುಚ್ಚಿಕೊಂಡು, ಒಂದೊಂದನ್ನೇ ತೆಲುಗಿನಲ್ಲಿ ಬಿಡಿಸಿ ಬಿಡಿಸಿ ಓದಿದ್ದಳು: ಏಡು... ರೆಂಡು... ರೆಂಡು... ತೊಮ್ಮಿದಿ... ಓದಿ ಮುಗಿಸಿ, ಸರಿಯಾಗಿ ಹೇಳಿದ್ನಾ ನಾಯ್ನಾ ಅಂದಿದ್ದಳು. ತನಗೆ ಬರುವ ವಿದ್ಯೆಯನ್ನು ಯಾರೋ ಕೇಳಿದರು ಎನ್ನುವ ಖುಷಿ ಆ ದನಿಯಲ್ಲಿತ್ತು. ಅಷ್ಟರಿಂದ ಹುಟ್ಟಿದವಳನ್ನು ಈಗ ಒಂದು ಲಕ್ಷದ ಇಪ್ಪತ್ತು ಸಾವಿರ ಕಟ್ಟಿದರೂ ಇಲ್ಲವಾಗಿಸುವುದಕ್ಕೆ ಆಗುವುದಿಲ್ಲವಂತೆ.

'ಕಾರ್ಡಿಗೆ?'

'ಆಹಾರ ಶಾಖೆಗೆ ಬರೆದುಕೊಡ್ಬೇಕು. ಈ ಆದಾಯ ನಂದು, ಆಕೆಗೆ ಗೊತ್ತಿಲ್ಲದೆ ಆಕೆ ಹೆಸರಲ್ಲಿ ನಾನು ಹಾಕ್ಸಿದ್ದು ಅಂತ. ಆಮೇಲೆ ಪರಿಶೀಲನೆ ಮಾಡ್ತಾರೆ.' ರಮೇಶ್‌ಬಾಬು ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದ. 'ಬರೆದುಕೊಡ್ಬೇಡ. ನಾನು ಹೇಳೋದು ಕೇಳು. ಬರೆದುಕೊಟ್ಟ ಕಾಗದ ಎಲ್ಲೆಲ್ಲಿ ಹೋಗುತ್ತೋ ಗೊತ್ತಿಲ್ಲ. ಹತ್ತು ಕೆಜಿ ಅಕ್ಕಿ, ಎಷ್ಟಾಗುತ್ತೆ? ಐನೂರು. ಮೇಲೆ ಎರಡು ಸಾವಿರ. ತಿಂಗಳಿಗೆ ಎರಡೂವರೆ ನೀನೇ ಕೊಟ್ಕೋ. ಮೂರು ವರ್ಷ ಕೊಟ್ರೂ ಇಷ್ಟಾಗಲ್ಲ. ಆಕೆಗೆ ಅಕ್ಕಿ ಬಂತು, ನಿಂಗೆ ಮರ್ಯಾದೆ ಉಳೀತು. ಇದಕ್ಕೇ ಪ್ಲಾನಿಂಗ್ ಅನ್ನೋದು.' ಆಮೇಲೆ ಸಮಾಧಾನ ಹೇಳುವವನ ಹಾಗೆ ಸೇರಿಸಿದ: 'ಈಗ ಹನ್ನೆರಡು ಲಕ್ಷದವರೆಗೂ ಟ್ಯಾಕ್ಸ್ ಇಲ್ಲ ನೋಡು. ಎರಡು ವರ್ಷ ತಡವಾಗಿ ದುಡಿದಿದ್ರೆ ಇದ್ಯಾವುದೂ ಬೇಕಾಗ್ತಿರ್ಲಿಲ್ಲ.'

ಮೆಟ್ಟಿಲಿಳಿಯುವಾಗಲೂ ಅವನು ಕಾಯುತ್ತಿದ್ದ, ಸಿಟ್ಟು ಬರಲಿ ಎಂದು. ಬೈಕಿಗೆ ಒದೆಯುವಾಗಲೂ ಕಾದ. ರಮೇಶ್‌ಬಾಬುವಿನ ಲೆಕ್ಕ ತಪ್ಪಾಗಿರಲಿಲ್ಲ, ಅದೇ ತೊಂದರೆ. ಅಂಗಡಿಯ ಮುಂದೆ ಬೈಕು ನಿಲ್ಲಿಸಿ, ಸೋನಾ ಮಸೂರಿ ಹತ್ತು ಕೆಜಿಯ ಒಂದು ಚೀಲ ಕೊಂಡ. ಟ್ಯಾಂಕಿನ ಮೇಲೆ ಅಡ್ಡ ಇಟ್ಟುಕೊಂಡ. ದಾರಿಯುದ್ದಕ್ಕೂ ಅದು ಮಗುವಿನ ಹಾಗೆ ಹೊಟ್ಟೆಗೆ ಒರಗಿಕೊಂಡು ಬಂತು. ರೇಷನ್ ಅಕ್ಕಿಗಿಂತ ಒಳ್ಳೆಯ ಅಕ್ಕಿ, ದುಬಾರಿ ಅಕ್ಕಿ. ಕೊಟ್ಟರೆ ಸಂತೋಷವಾಗಿಯೇ ತೆಗೆದುಕೊಳ್ಳುತ್ತಾಳೆ. ನನ್ನ ಮಗ ನೋಡ್ರೇ ಎಂದು ಬೀದಿಗೆಲ್ಲ ತೋರಿಸುತ್ತಾಳೆ. ತಾನು ಕಿತ್ತುಕೊಂಡದ್ದನ್ನೇ ತಾನು ಕೊಟ್ಟು, ಅದಕ್ಕೊಂದು ಒಳ್ಳೆಯ ಹೆಸರನ್ನೂ ಮೇಲೆ ಇಸಿದುಕೊಳ್ಳುವ ವ್ಯಾಪಾರ ಇದು. ಇಂಥದ್ದನ್ನು ಬೇರೆ ಯಾರಾದರೂ ಮಾಡಿದ್ದರೆ ಮಂಡಿಯ ಮಧ್ಯೆ ನಿಂತು ಕೊರಳಪಟ್ಟಿ ಹಿಡಿಯುತ್ತಿದ್ದ.

ಕ್ರೇಟ್ ಯಾರ್ಡಿನಲ್ಲಿ ನೀಲಿ ರಾಶಿಗಳ ನಡುವೆ ಬಿಸಿಲೂ ನೀಲಿಯಾಗಿತ್ತು. ಗೌರಿಬಿದನೂರಿನಿಂದ ವಾಪಸು ಬಂದ ಲೋಡನ್ನು ಇಳಿಸಿ, ಯಾಸೀನ್ ಟೆಂಪೊದ ನೆರಳಿನಲ್ಲಿ ಕಾಲು ಚಾಚಿದ್ದ. 'ಭಾಯ್, ನಮ್ಮ ವಿಡಿಯೊ ಅರವತ್ತು ಸಾವಿರ ಜನ ನೋಡವ್ರೆ! ಶಿಡ್ಲಘಟ್ಟದಿಂದ ನಮ್ಮ ಖಾಲಾ, ಅಮ್ಮನ ತಂಗಿ, ಫೋನ್ ಮಾಡಿದ್ರು, ಆ ಹುಡ್ಗ ಯಾರೋ, ಎಲೆಕ್ಷನ್‌ಗೆ ನಿಂತ್ರೆ ವೋಟ್ ಹಾಕ್ತೀನಿ ಅಂತ.' ಮುರಳಿ ಅಕ್ಕಿಯ ಚೀಲ ಹೆಗಲಿಗೇರಿಸಿದ. ತೊಟ್ಟಿಯ ಪಕ್ಕದಲ್ಲಿ ದೊಡ್ಡಮ್ಮ ಕ್ರೇಟುಗಳನ್ನು ಅದ್ದಿ, ಉಜ್ಜಿ, ಐದೈದರ ಕಟ್ಟು ಮಾಡಿ ಜೋಡಿಸುತ್ತಿದ್ದಳು. ಒಂದನ್ನು ತಮ್ಮದು ಮಾಡಿಕೊಳ್ಳಲು ಯಾರೋ ಕಾದ ಸಲಾಕೆಯಿಂದ ಆರ್.ಎಲ್. ಅನ್ನು ಸುಟ್ಟು ಅಳಿಸಲು ನೋಡಿದ್ದರು. ಅಕ್ಷರದ ಜಾಗದಲ್ಲಿ ಕರಕಲು ಗುಳಿ. ಅದನ್ನು ಬೇರೆಯೇ ತೆಗೆದಿಟ್ಟಿದ್ದಳು.

ಅವಳ ಕಣ್ಣು ಅಕ್ಕಿಯ ಚೀಲದ ಮೇಲೆ ಬಿತ್ತು. 'ಏನದು?'

'ಅಕ್ಕಿ. ನಿಂಗೆ. ಇನ್ಮೇಲೆ ನಾನೇ ತಂದಾಕ್ತೀನಿ ಬಿಡು ದೊಡ್ಡಮ್ಮ. ಆ ಎರಡು ಸಾವಿರಾನೂ ಕೊಡ್ತೀನಿ. ಆ ಆಫೀಸಿನ ಸಹವಾಸ ಬೇಡ.'

'ನಾನು ಕೇಳಿದ್ನೇನೋ ನಿನ್ನ?' ಕ್ರೇಟನ್ನು ತೊಟ್ಟಿಗೆ ಬಿಟ್ಟು ಸೊಂಟಕ್ಕೆ ಕೈಕೊಟ್ಟಳು. 'ಇವತ್ತು ಹಾಕ್ತೀಯ. ನಾಳೆ ನಿನ್ನ ಹೆಂಡ್ತಿ ಹತ್ರ ಒಂದು ಮಾತು ಬಂದ್ರೆ? ಕಾರ್ಡು ನಂದು ಕಣಪ್ಪಾ. ಅದ್ರಲ್ಲಿ ನನ್ನ ಫೋಟೋ ಐತೆ. ಬೆರಳಿಟ್ರೆ ಮಿಷನ್ ನನ್ನ ಗುರುತು ಹಿಡೀತಿತ್ತು. ಇನ್ನೊಂದ್ಸಲ ಹೋಗಣ. ಅವತ್ತಿನ ಹಂಗೇ ಕೂಗು. ಚೆನ್ನಾಗಿ ಕೂಗಿದ್ದೆ ನೀನು. ಆಯಮ್ಮ ಹೆದರಿಕೊಂಡು ಚೀಟಿ ಕೊಟ್ಲಲ್ಲ, ಏನಾಯ್ತು ಆ ಚೀಟಿ?'

ಕೂಗಿ ಗೊತ್ತು ಅವನಿಗೆ, ಮೆಲ್ಲಗೆ ಹೇಳಿ ಗೊತ್ತಿಲ್ಲ. ಅಕ್ಕಿಯ ಚೀಲವನ್ನು ನೆಲಕ್ಕಿಳಿಸಿದ. ಅದು ಸೊಂಟ ಕುಸಿದು ಕೂತುಕೊಂಡಿತು. ಅದನ್ನೇ ನೋಡುತ್ತ ಹೇಳಿದ. ಹೇಳಿ ಮುಗಿಯುವ ಹೊತ್ತಿಗೆ ಯಾಸೀನ್ ಫೋನಿನಿಂದ ತಲೆಯೆತ್ತಿ, ಏನೂ ಕೇಳಿಸಲಿಲ್ಲ ಎನ್ನುವವನ ಹಾಗೆ ಟೆಂಪೊದ ಆಚೆ ಬದಿಗೆ ನಡೆದುಹೋದ.

ದೊಡ್ಡಮ್ಮ ಬೈಯಲಿಲ್ಲ. ಇನ್ನೊಂದು ಕ್ರೇಟು ಎತ್ತಿ ಮೂಲೆಗಳನ್ನು ಉಜ್ಜಿದಳು. ಒಂದು ಮೂಲೆಯಲ್ಲಿ ಒಣಗಿ ಅಂಟಿದ ಟೊಮೇಟೊ ಸಿಪ್ಪೆ ಬಿಡಲೊಲ್ಲದು. ಅದನ್ನು ಉಗುರಿನಿಂದ ಕೆರೆದು ತೆಗೆದಳು. ನೀರು ಬಸಿದು, ಕಟ್ಟಿಗೆ ಸೇರಿಸಿ, ಸೆರಗಿಗೆ ಕೈ ಒರೆಸಿಕೊಂಡು ಬಂದು ಅವನ ಎದುರಿಗೆ ಒಂದು ಕ್ರೇಟು ಬೋರಲು ಹಾಕಿ ಕೂತಳು.

'ಓದು.'

'ಏನು?'

'ಆ ಕಾಗದ. ತಂದಿದೀಯಲ್ಲ ಜೇಬಲ್ಲಿ. ಓದು, ಯಾರವಳು ನೋಡಣ.'

ಅವನು ಓದಿದ. ಒಂದೊಂದು ಸಾಲು ಓದಿ, ಗೊತ್ತಿದ್ದಷ್ಟು ಕನ್ನಡ ಮಾಡಿ ಹೇಳಿದ. ವ್ಯಾಪಾರ ಎಂದಾಗ ಹುಬ್ಬೇರಿಸಿದಳು. ಆದಾಯ ಹೇಳಿದಾಗ, 'ಅಮ್ಮೋ' ಎಂದು ಕೆನ್ನೆಗೆ ಕೈಯಿಟ್ಟುಕೊಂಡಳು. ಇಮೇಲ್ ಅಂದರೇನೆಂದು ಕೇಳಿದಳು. ಅವಳ ಮುಖದಲ್ಲಿ ಮುರಳಿ ಹುಡುಕುತ್ತಿದ್ದ ನೋವು ಕಾಣಲಿಲ್ಲ. ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದವರ ಬಗ್ಗೆ ಕೇಳುವಾಗಿನ ಕುತೂಹಲವಿತ್ತು. 'ಆಮೇಲೆ? ಇನ್ನೇನಂತೆ ಅವಳು?' ಅವಳ ಈ ಆಸಕ್ತಿ ಅವನಿಗೆ ಬೈಗುಳಕ್ಕಿಂತ ಕಷ್ಟವಾಯಿತು. ಅದೇ ಹೊತ್ತಿಗೆ, ನಾಚಿಕೆಯಿಲ್ಲದ ಹಾಗೆ, ತನಗೂ ತಿಳಿದುಕೊಳ್ಳಬೇಕು ಅನ್ನಿಸುತ್ತಿತ್ತು. ಆ ಇನ್ನೊಬ್ಬ ರಾಮಲಕ್ಷ್ಮಮ್ಮ ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತಾಳೆ? ಚಿಕ್ಕಬಳ್ಳಾಪುರಕ್ಕೆ ಹೋಗಬೇಕಾದರೆ ಬಸ್ಸು ಹತ್ತುತ್ತಾಳೋ, ಕಾರೋ? ಅವಳ ಯಾರ್ಡಿನಲ್ಲಿ ಕ್ರೇಟು ತೊಳೆಯುವವರು ಯಾರು, ಅವರಿಗೆ ದಿನಕ್ಕೆ ಎಷ್ಟು ಕೊಡುತ್ತಾಳೆ?

'ಕೈಯಲ್ಲಿ ನಗದು ಒಂದು ಲಕ್ಷದ ಅರವತ್ತೆರಡು ಸಾವಿರ' ಎಂದ.

ರಾಮಲಕ್ಷ್ಮಮ್ಮ ತನ್ನ ಎರಡು ಅಂಗೈಗಳನ್ನೂ ತಿರುಗಿಸಿ ನೋಡಿಕೊಂಡಳು. ಅದು ನಾಟಕಕ್ಕೆ ಮಾಡಿದ್ದಲ್ಲ. ಸುಮ್ಮನೆ, ಇದ್ದರೂ ಇರಬಹುದೇನೋ ಎನ್ನುವ ಹಾಗೆ. 'ಅವಳಿಗೆ ಹೇಳು' ಅಂದಳು, 'ನಂಗೆ ಹತ್ತು ಕೆಜಿ ಅಕ್ಕಿ ಕೊಡಕ್ಕೆ. ಅಷ್ಟಿಟ್ಕೊಂಡು ನಂದ್ಯಾಕೆ ತಗೊಂಡ್ಲಂತೆ?'

ಕೊನೆಯ ಹಾಳೆಯಲ್ಲಿ ಪ್ರಮಾಣದ ಸಾಲಿತ್ತು. ನಲ್ಲಪ್ಪನ ಮಗಳಾದ ರಾಮಲಕ್ಷ್ಮಮ್ಮ ಎಂಬ ನಾನು, ನನಗೆ ತಿಳಿದ ಮಟ್ಟಿಗೆ ಇದೆಲ್ಲ ಸತ್ಯ ಎಂದು.

'ನಮ್ಮಪ್ಪನ ಹೆಸರು ಹಾಕವ್ರಾ?' ಅವಳ ದನಿ ಮೊದಲ ಸಲ ಕೆಳಗಿಳಿಯಿತು. ರೇಷನ್ ಕಾರ್ಡಿನಲ್ಲಿ ಗಂಡನ ಹೆಸರಿತ್ತು, ಆಸ್ಪತ್ರೆ ಚೀಟಿಯಲ್ಲೂ ಗಂಡನದೇ. 'ನಮ್ಮಪ್ಪ ಒಂದು ಸುಳ್ಳು ಹೇಳ್ದೋನಲ್ಲ ಕಣೋ. ಆಯಪ್ಪನ ಕೈಲಿ ಯಾಕೆ ಹೇಳಿಸ್ದೆ?'

ಮುರಳಿ ಹಾಳೆಗಳನ್ನು ಮಡಚಿದ. ಅವಳು ಎದ್ದಳು. ಸುಟ್ಟ ಕ್ರೇಟಿನ ಕಡೆ ಗಲ್ಲ ಎತ್ತಿ ತೋರಿಸಿ, 'ಅದ್ರ ಮೇಲಿರೋದು ನನ್ನ ಹೆಸ್ರಾ ಹಂಗಾದ್ರೆ?' ಅಂದಳು. ಹೌದು ಎಂದು ತಲೆಯಾಡಿಸಿದ. ಗುಳಿಯ ಮೇಲೆ ಒಂದು ಸಲ ಹೆಬ್ಬೆರಳು ಆಡಿಸಿದಳು. 'ಸೀರೆ ಬದಲಾಯಿಸ್ಕೊಂಡು ಬರ್ತೀನಿ. ಯಾಸೀನ್, ಗಾಡಿ ತೆಗಿಯಪ್ಪಾ, ತಾಲೂಕ್ ಆಫೀಸ್‌ಗೆ.'

ಮಧ್ಯಾಹ್ನ ಮೂರಕ್ಕೆ ಕಿಟಕಿಯ ಮುಂದೆ ಸೋಮವಾರದಷ್ಟೇ ಜನ. ಸಾಲಿನಲ್ಲಿ ಇಬ್ಬರು ಮೂವರು ಗುರುತು ಹಿಡಿದರು. ಅವತ್ತಿನೋರು ಕಣೇ, ಬಿಡ್ರಿ ದಾರಿ, ಎಂದು ಒಬ್ಬಳು ಸರಿದು ಜಾಗ ಮಾಡಿಕೊಟ್ಟಳು. ಮುರಳಿ ಬೇಡವೆಂದು ಕೊನೆಗೆ ಹೋಗಿ ನಿಂತ. ಮುಂದಿನವರ ಬೆನ್ನು, ಅದರ ಮುಂದಿನವರ ಬೆನ್ನು. ಸಾಲಿನಲ್ಲಿ ನಿಂತು ಎಷ್ಟು ವರ್ಷವಾಗಿತ್ತು! ಕೂಗಿದರೆ ಸಾಲು ತಾನಾಗಿಯೇ ಕರಗುತ್ತದೆಂದು ಗೊತ್ತಾದ ಮೇಲೆ ನಿಂತಿರಲೇ ಇಲ್ಲ. ಮುಕ್ಕಾಲು ಗಂಟೆಯ ಮೇಲೆ ಅವನ ಸರದಿ ಬಂತು. ಖುರ್ಷಿದ್ ಮೇಡಂ ಕನ್ನಡಕದ ಮೇಲಿಂದ ನೋಡಿದರು. ಗುರುತು ಸಿಕ್ಕಿತೆಂದು ಮುಖದಲ್ಲಿ ತೋರಿಸಿಕೊಳ್ಳಲಿಲ್ಲ.

'ಮೇಡಂ, ಅದು ನಂದು. ಆದಾಯ. ದೊಡ್ಡಮ್ಮನದಲ್ಲ.'

'ಬರೆದುಕೊಡಿ. ನಿಮ್ಮ ಕೈಯಲ್ಲೇ.' ಬಿಳಿ ಹಾಳೆಯೊಂದನ್ನು ದಾಟಿಸಿದರು.

ಸುಮ್ಮನೆ ಬರೆದುಕೊಡಬಹುದಿತ್ತು. ಆದರೂ ಅವನಿಗೆ ಕೇಳದೆ ಇರಲಾಗಲಿಲ್ಲ. 'ಅವತ್ತೇ ಯಾಕೆ ಹೇಳ್ಲಿಲ್ಲ ಮೇಡಂ? ಎಲ್ಲರ ಮುಂದೆ ನಾನು ಅಷ್ಟೊಂದು ಅಂದೆ...'

ಖುರ್ಷಿದ್ ಮೇಡಂ ಅವನ ಹಿಂದೆ ನಿಂತಿದ್ದ ರಾಮಲಕ್ಷ್ಮಮ್ಮನ ಕಡೆ ನೋಡಿದರು. 'ಇವರು ಕೂತಿದ್ರಲ್ಲ, ನಿಮ್ಮನ್ನೇ ನೋಡ್ತಾ. ಅದನ್ನ ಇವರಿಗೆ ಹೇಳೋದು ನನ್ನ ಕೆಲ್ಸ ಅಲ್ಲ.' ಆಮೇಲೆ ಹಾಳೆಯ ಕಡೆ ಬೆರಳು ತೋರಿಸಿದರು. 'ಬೇಗ ಬರೀರಿ, ಹಿಂದೆ ಜನ ಇದ್ದಾರೆ.'

ಕಿಟಕಿಯ ಕಟ್ಟೆಯ ಮೇಲೆ ಹಾಳೆಯಿಟ್ಟು ಬರೆದ. ಹತ್ತು ವರ್ಷದಿಂದ ಅವನ ಕೈ ಬರೆದಿದ್ದು ಅಂಕಿ, ಊರಿನ ಹೆಸರು, ಲಾರಿ ನಂಬರು. ಬರೆದ ಸಾಲು ಬೆಟ್ಟ ಹತ್ತುವ ಹಾಗೆ ಬಲಕ್ಕೆ ಏರಿಹೋಯಿತು. ಬಾಯಲ್ಲಿ ಅರ್ಧ ಗಂಟೆ ಸುರಿಯಬಲ್ಲವನಿಗೆ ಆರು ಸಾಲು ಬರೆಯುವಷ್ಟರಲ್ಲಿ ಬೆನ್ನು ಒದ್ದೆಯಾಯಿತು. ಬರೆದು ಸಹಿ ಹಾಕಿ ಒಳಗೆ ಚಾಚಿದಾಗ ಹಿಂದಿನಿಂದ ಕೈ ಬಂದು ಹಾಳೆಯನ್ನು ತಡೆಯಿತು.

'ಏನು ಬರ್ದೆ? ನಂಗೆ ಓದಿ ಹೇಳು. ಹೋದ್ಸಲ ಕೇಳ್ದೆ ನಂಬರ್ ಕೊಟ್ಟೆ, ಸಾಕು.'

ಅವನು ತಲೆ ಬಗ್ಗಿಸಿ, ಅವಳಿಗೆ ಮಾತ್ರ ಕೇಳುವಷ್ಟು ಓದತೊಡಗಿದ. ನಾನು ವೆಂಕಟರವಣಪ್ಪನವರ ಮಗ ಮುರಳಿಮೋಹನ ಬರೆದುಕೊಡುವುದೇನೆಂದರೆ...

'ಕೇಳಿಸ್ತಿಲ್ಲ' ಎಂದು ರಾಮಲಕ್ಷ್ಮಮ್ಮ ಕತ್ತು ಚಾಚಿದಳು. 'ಜೋರಾಗಿ ಓದಪ್ಪಾ. ಅವತ್ತು ಎಷ್ಟು ಜೋರಾಗಿ ಕೂಗಿದ್ದೆ, ಅಷ್ಟು.'

ಸಾಲಿನಲ್ಲಿದ್ದವರು ಕತ್ತೆತ್ತಿ ನೋಡಿದರು. ಬಾಗಿಲ ಬಳಿ ಯಾಸೀನ್ ಅಭ್ಯಾಸಬಲದಿಂದ ಫೋನು ಎತ್ತಿ ಹಿಡಿದಿದ್ದ. ಏನು ನಡೆಯುತ್ತಿದೆಯೆಂದು ಹೊಳೆದವನ ಹಾಗೆ ಕೈಯನ್ನು ಮೆಲ್ಲಗೆ ಕೆಳಗಿಳಿಸುತ್ತಿದ್ದ. ಮುರಳಿ ಅದನ್ನು ಕಂಡ, ಒಂದು ಕ್ಷಣ ಎದೆ ಹಗುರವಾಯಿತು. ದೊಡ್ಡಮ್ಮನೂ ಕಂಡಳು.

'ಇಳಿಸ್ಬೇಡ ಯಾಸೀನ್' ಅಂದಳು, ಮಂಡಿಯಲ್ಲಿ ಲೋಡು ಎಣಿಸುವಾಗಿನ ದನಿಯಲ್ಲಿ. 'ಸರಿಯಾಗಿ ಹಿಡಿ. ಮೊದಲ್ನಿಂದ ಓದ್ತಾನೆ.'

ಮುರಳಿ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಸಾಲಿನ ಕಡೆ ತಿರುಗಿದ.